ನವೋದಯದ ಪರೀಕ್ಷೆಯೂ ನಮ್ಮ ಮಕ್ಕಳ ಲೆಕ್ಕವೂ

(ಚಾಮರಾಜನಗರದಲ್ಲಿಯೂ ಆಮೇಲೆ ಗುಂಡ್ಲುಪೇಟೆಯಲ್ಲಿಯೂ ಸೇರಿದ್ದ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಗಳಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಆಡಬೇಕೆಂದಿರುವ ಮಾತು ಕೂಲಿಯ ದರವನ್ನು ಕುರಿತದ್ದಲ್ಲ, ಸಂತೆಯ ಸುಂಕವನ್ನು ಕುರಿತದ್ದೂ ಅಲ್ಲ. ಐದನೆಯ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಕ್ಕಳ ಲೆಕ್ಕವನ್ನು ಕುರಿತದ್ದು. ಗಿರಣಿಯ ಬಾಗಿಲಲ್ಲಿಯೂ ಅಂಗಡಿಯ ಮುಂದೆಯೂ ನಾವು ನಿಂತಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಮೇಷ್ಟ್ರೆ, ಮಗೀನ ನವೋದಯದ ಪರೀಕ್ಷೆಗೆ ಕೂರಿಸಬೇಕು ಅಂತಿದ್ದೀವಿ. ಮಿಕ್ಕದ್ದೆಲ್ಲ ಹೆಂಗೋ ಆಯ್ತದೆ, ಈ ಲೆಕ್ಕದ್ದೇ ಗತಿ ಏನು?" ನಾವು ಪಾಠಶಾಲೆಯನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಬಂದವರು. ಆದರೂ ಸೀಮೆಸುಣ್ಣದ ಋಣ ಇನ್ನೂ ತೀರಿಲ್ಲ. ಆದುದರಿಂದ ಈ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಮೊದಲು ಈ ಪರೀಕ್ಷೆ ಏನೆಂಬುದನ್ನು ತಿಳಿಯೋಣ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ ದೇಶದಲ್ಲಿ ಜಿಲ್ಲೆಗೊಂದರಂತೆ ನವೋದಯ ವಿದ್ಯಾಲಯಗಳನ್ನು ಕಟ್ಟುತ್ತ ಬಂದರು. ನಮ್ಮ ಜಿಲ್ಲೆಯದು ಹೊಂಡರಬಾಳಿನಲ್ಲಿದೆ. ಆರನೆಯ ತರಗತಿಗೆ ಮಗುವನ್ನು ತೆಗೆದುಕೊಂಡು ಹನ್ನೆರಡನೆಯ ತರಗತಿಯವರೆಗೆ ಅಲ್ಲಿಯೇ ಇರಿಸಿ ಓದಿಸುತ್ತಾರೆ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಸರ್ಕಾರದ್ದು. ಒಂಬತ್ತನೆಯ ತರಗತಿಯಿಂದ ಮೇಲೆ ಕೆಲವರಿಂದ ತಿಂಗಳಿಗಿಷ್ಟೆಂದು ನಿಧಿ ಪಡೆಯುತ್ತಾರೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಡತನದ ರೇಖೆಯ ಕೆಳಗಿರುವವರು ಅದನ್ನೂ ಕೊಡಬೇಕಿಲ್ಲ. ಅರ್ಜಿಗೆ ಶುಲ್ಕವಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೇ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಮಳೆಗಾಲದಲ್ಲಿ ಅರ್ಜಿ ಕರೆದು, ಡಿಸೆಂಬರ್ ಇಲ್ಲವೆ ಜನವರಿ ಹೊತ್ತಿಗೆ ಪರೀಕ್ಷೆ ನಡೆಸುತ್ತಿದ್ದಾರೆ. ಒಂದು ಮಗು ಈ ಪರೀಕ್ಷೆಯನ್ನು ಒಂದೇ ಸಲ ಬರೆಯಬಹುದು.

ಪರೀಕ್ಷೆ ಎರಡು ಗಂಟೆಯದು. ಒಟ್ಟು 80 ಪ್ರಶ್ನೆ, 100 ಅಂಕ. ಚಿತ್ರಗಳನ್ನು ಹೋಲಿಸಿ ನೋಡುವ ಬುದ್ಧಿಶಕ್ತಿಯ ಭಾಗಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಒಂದೊಂದು ಪ್ರಶ್ನೆಗೆ ಒಂದೂಕಾಲು ಅಂಕ. ಲೆಕ್ಕದ 20 ಪ್ರಶ್ನೆಗೆ ಅರ್ಧ ಗಂಟೆ, ಎಂದರೆ ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ. ಸಂಖ್ಯೆಗಳು, ಕೂಡು ಕಳೆ ಗುಣಾಕಾರ ಭಾಗಾಕಾರ, ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಅಳತೆ ತೂಕ, ಲಾಭ ನಷ್ಟ, ಸುತ್ತಳತೆ, ಕ್ಷೇತ್ರಫಲ, ಹೆಚ್ಚಾಗಿ ಇಂಥವನ್ನೇ ಕೇಳುವುದು. ಇದರಲ್ಲಿ ಆಕಾಶದಿಂದ ಇಳಿದದ್ದು ಯಾವುದಿದೆ ಹೇಳಿ? ತಕ್ಕಡಿಯ ಮುಂದೆ ಕೂತವರು, ಗಿರಣಿಯಲ್ಲಿ ದಿನಗೂಲಿಯನ್ನು ಎಣಿಸಿ ತೆಗೆದುಕೊಳ್ಳುವವರು ದಿನಬೆಳಗಾದರೆ ಮಾಡುವ ಲೆಕ್ಕವೇ ಇದು.

ನಮ್ಮ ನಾಡಿನಲ್ಲಿ ಗಣಿತ ಎಂದೂ ಪಂಡಿತರ ಮನೆಯೊಳಗೇ ಕೂತಿರಲಿಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯನೆಂಬವನು ಕನ್ನಡದಲ್ಲಿಯೇ ಗಣಿತವನ್ನು ಬರೆದ. ಅವನ ಒಂದು ಗ್ರಂಥದ ಹೆಸರು 'ವ್ಯವಹಾರಗಣಿತ'. ಕೊಡುವ ಕೊಳ್ಳುವ ಜನಕ್ಕೆ ಲೆಕ್ಕ ಅವರ ನುಡಿಯಲ್ಲಿಯೇ ಸಿಗಬೇಕೆಂಬುದು ಎಂಟು ನೂರು ವರ್ಷದ ಹಿಂದೆಯೇ ಒಬ್ಬನಿಗೆ ತೋರಿತ್ತು. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲು, ವೀಸಗಳನ್ನು ಬಾಯಲ್ಲೇ ಕೂಡಿ ಕಳೆಯುತ್ತಿದ್ದರು. 1957ರಲ್ಲಿ ಆಣೆ ಹೋಗಿ ನೂರು ಪೈಸೆ ಬಂತು, ಆಮೇಲೆ ಸೇರು ಹೋಗಿ ಕಿಲೋ ಬಂತು. ಅಳತೆ ಬದಲಾಯಿತೇ ಹೊರತು ಲೆಕ್ಕ ಬದಲಾಗಲಿಲ್ಲ.

ಹಾಗಾದರೆ ನಮ್ಮ ಮಕ್ಕಳು ಎಡವುವುದು ಎಲ್ಲಿ? ಮಗ್ಗಿ ಬಾರದೆ ಎಡವುವವರು ಕೆಲವರಿದ್ದಾರೆ. ಆದರೆ ಮಗ್ಗಿ ಬಂದೂ ಎಡವುವವರೇ ಹೆಚ್ಚು. ನಾವು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಕಂಡುಕೊಂಡದ್ದು ಇಷ್ಟು: ಮಗು ಲೆಕ್ಕವನ್ನು ಓದಿದ ಕೂಡಲೆ ಅಂಕಿಗಳನ್ನು ಹಿಡಿದುಕೊಂಡು ಕೂಡುವುದಕ್ಕೋ ಗುಣಿಸುವುದಕ್ಕೋ ತೊಡಗುತ್ತದೆ. ಒಂದು ಪ್ರಶ್ನೆಯನ್ನು ಕೇಳುವುದಿಲ್ಲ. ಆ ಪ್ರಶ್ನೆ "ಯಾವುದರಲ್ಲಿ ಎಷ್ಟು?" ಎಂಬುದು.

ಒಂದು ಲೆಕ್ಕ ನೋಡಿ. ವ್ಯಾಪಾರಿಯೊಬ್ಬ 144 ಬಾಳೆಹಣ್ಣು ತಂದ. ಅದರಲ್ಲಿ ಕಾಲು ಭಾಗ ಕೊಳೆತುಹೋಯಿತು. ಉಳಿದದ್ದರಲ್ಲಿ ಮೂರನೆಯ ಒಂದು ಭಾಗ ಮಾರಿದ. ಈಗ ಎಷ್ಟು ಉಳಿದಿದೆ? ಅವಸರದ ಹುಡುಗ ಕಾಲು ಮತ್ತು ಮೂರನೆಯ ಒಂದನ್ನು ಕೂಡಿ, ಹನ್ನೆರಡರಲ್ಲಿ ಏಳು ಭಾಗ ಹೋಯಿತೆಂದು ಕಳೆದು, 60 ಎಂದು ಬರೆಯುತ್ತಾನೆ. ಉತ್ತರಗಳ ಪಟ್ಟಿಯಲ್ಲಿ 60 ಎಂಬುದೂ ಇರುತ್ತದೆ. ಪ್ರಶ್ನೆ ತೆಗೆಯುವವರು ಈ ತಪ್ಪನ್ನು ಬಲ್ಲವರು. ಮೂರನೆಯ ಒಂದು ಯಾವುದರಲ್ಲಿ? ತಂದದ್ದರಲ್ಲಿ ಅಲ್ಲ, ಉಳಿದದ್ದರಲ್ಲಿ. 144ರಲ್ಲಿ 36 ಕೊಳೆಯಿತು, 108 ಉಳಿಯಿತು. ಅದರಲ್ಲಿ 36 ಮಾರಿತು, ಉಳಿದದ್ದು 72. ಸಂತೆಯಲ್ಲಿ ಗಾಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕೆ? ನಿಮ್ಮ ಮಕ್ಕಳಿಗೆ ನೀವೇ ಹೇಳಿಕೊಡಬಲ್ಲಿರಿ.

ಇನ್ನೊಂದು. 400 ರೂಪಾಯಿಯ ಮಾಲಿಗೆ ನೂರಕ್ಕೆ 25 ಏರಿಸಿ ಬೆಲೆ ಕಟ್ಟಿದಿರಿ. ಹಬ್ಬಕ್ಕೆಂದು ಆ ಬೆಲೆಯಲ್ಲಿ ನೂರಕ್ಕೆ 20 ಇಳಿಸಿದಿರಿ. ಲಾಭವೆಷ್ಟು? 25ರಲ್ಲಿ 20 ಹೋದರೆ 5, ಆದುದರಿಂದ ನೂರಕ್ಕೆ 5 ಲಾಭವೆಂದು ಮಗು ಹೇಳುತ್ತದೆ. ಕೆಲವು ಅಂಗಡಿಯವರೂ ಹಾಗೆಯೇ ಹೇಳುತ್ತಾರೆ! 400ಕ್ಕೆ ನೂರಕ್ಕೆ 25 ಏರಿದರೆ 500. ಆದರೆ ಇಳಿಸಿದ 20 ಯಾವ ನೂರಕ್ಕೆ? 500ರೊಳಗಿನ ನೂರಕ್ಕೆ. 500ರಲ್ಲಿ ನೂರಕ್ಕೆ 20 ಎಂದರೆ 100. ಬಂದದ್ದು 400. ಲಾಭ ಬಿಡಿಗಾಸೂ ಇಲ್ಲ.

ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿರುವವರು 'ರೆಂಡಿಟ್ಟ' ಎನ್ನುವುದನ್ನು ಬಲ್ಲರು. ಒಂದು ಕಿಲೋ ನೂಲು ಬರಲು ಎಷ್ಟು ಕಿಲೋ ಗೂಡು ಬೇಕೆಂಬುದೇ ಅದು. ರೆಂಡಿಟ್ಟ 8 ಆದರೆ 60 ಕಿಲೋ ಗೂಡಿಗೆ ಏಳೂವರೆ ಕಿಲೋ ನೂಲು. ಗೂಡು ಚೆನ್ನಾಗಿದ್ದು ರೆಂಡಿಟ್ಟ ಏಳೂವರೆಗೆ ಇಳಿದರೆ ಅದೇ 60 ಕಿಲೋಗೆ 8 ಕಿಲೋ ನೂಲು. ದಶಮಾಂಶದ ಭಾಗಾಕಾರವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಯಾವ ಗೈಡಿನಲ್ಲಿದೆ? ಗುಂಡ್ಲುಪೇಟೆಯ ಕಡೆ ಹಸಿ ಅರಿಶಿನವನ್ನು ಬೇಯಿಸಿ ಒಣಗಿಸಿದರೆ ಸುಮಾರಾಗಿ ಐದರಲ್ಲಿ ಒಂದು ಪಾಲು ಉಳಿಯುತ್ತದೆ. ಅನುಪಾತವೆಂದು ಪುಸ್ತಕ ಹೇಳುವುದು ಇದನ್ನೇ. ಎರಡು ಡಬ್ಬಗಳಲ್ಲಿ 48 ಲೀಟರೂ 60 ಲೀಟರೂ ಕಡಲೆಕಾಯಿ ಎಣ್ಣೆ ಇದ್ದು, ಎರಡನ್ನೂ ಮಿಗದಂತೆ ಅಳೆಯುವ ಅತಿ ದೊಡ್ಡ ಮಾಪು ಯಾವುದೆಂದರೆ 12 ಲೀಟರಿನದು. ಅದೇ ಮ.ಸಾ.ಅ. ಗುಂಡ್ಲುಪೇಟೆಗೆ 20 ನಿಮಿಷಕ್ಕೊಂದು ಬಸ್ಸು, ನಂಜನಗೂಡಿಗೆ 30 ನಿಮಿಷಕ್ಕೊಂದು ಬಸ್ಸು ಹೊರಡುತ್ತದೆಂದು ಇಟ್ಟುಕೊಳ್ಳಿ. ಆರು ಗಂಟೆಗೆ ಎರಡೂ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಹೊರಡುವುದು ಏಳಕ್ಕೆ. ಅದೇ ಲ.ಸಾ.ಅ. ಹೆಸರು ಕೇಳಿ ಹೆದರುವ ಮಗು ಬಸ್ಸಿನ ಹೆಸರು ಕೇಳಿ ಹೆದರುವುದಿಲ್ಲ.

ಇನ್ನು ಬಡ್ಡಿ. ಇದು ಪರೀಕ್ಷೆಯ ಆಚೆಗೆ ನಮ್ಮನ್ನು ಬಿಡದ ಲೆಕ್ಕ. 5,000 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 12ರಂತೆ ಎರಡು ವರ್ಷದ ಬಡ್ಡಿ ಎಷ್ಟು? ಉತ್ತರ 1,200. ನಮ್ಮ ಬೀದಿಯಲ್ಲಿ "ನೂರಕ್ಕೆ ಮೂರು" ಎನ್ನುತ್ತಾರೆ. ಕೇಳಲು 12ಕ್ಕಿಂತ 3 ಸಣ್ಣದು. ಆದರೆ ಎಷ್ಟು ಕಾಲಕ್ಕೆ ಮೂರು? ತಿಂಗಳಿಗೆ. ಎಂದರೆ ವರ್ಷಕ್ಕೆ 36. ಅದೇ 5,000ಕ್ಕೆ ಎರಡು ವರ್ಷಕ್ಕೆ 3,600. ದಿನದ ಕಂತಿನ ಸಾಲವನ್ನು ನೋಡಿ. 10,000ಕ್ಕೆ ಬರೆಸಿಕೊಂಡು 9,000 ಕೈಗೆ ಕೊಡುತ್ತಾರೆ, ದಿನಕ್ಕೆ ನೂರರಂತೆ ನೂರು ದಿನ ವಸೂಲಿ. "ನೂರಕ್ಕೆ ಹತ್ತು ಅಷ್ಟೆ" ಎನ್ನುತ್ತಾರೆ. ಯಾವುದರಲ್ಲಿ ಹತ್ತು? ನಿಮ್ಮ ಕೈಗೆ ಬಂದದ್ದು 9,000. ಅದರ ಮೇಲೆ 1,000 ಎಂದರೆ ನೂರಕ್ಕೆ 11ರ ಮೇಲಾಯಿತು. ಅದೂ ನೂರೇ ದಿನಕ್ಕೆ. ಅಸಲು ದಿನದಿನವೂ ಇಳಿಯುತ್ತ ಹೋಗುವುದರಿಂದ, ನಿಮ್ಮ ಬಳಿ ಸರಾಸರಿ ಇದ್ದದ್ದು ಸುಮಾರು 4,500. ಅದರ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 80ರ ಆಸುಪಾಸು ಬರುತ್ತದೆ. ಈ ಲೆಕ್ಕವನ್ನು ಬಲ್ಲ ಹತ್ತು ವರ್ಷದ ಹುಡುಗಿ ಮನೆಯಲ್ಲಿ ಒಬ್ಬಳಿದ್ದರೆ, ಹೊಂಡರಬಾಳಿಗೆ ಹೋದರೂ ಸರಿ, ಹೋಗದಿದ್ದರೂ ಸರಿ, ಆ ಮನೆಯನ್ನು ಏಮಾರಿಸುವುದು ಸುಲಭವಲ್ಲ.

ಈಗ ಅಭ್ಯಾಸದ ಕ್ರಮಕ್ಕೆ ಬರೋಣ. ಭಾನುವಾರ ಕೂರಿಸಿ ನೂರು ಲೆಕ್ಕ ಮಾಡಿಸುವುದಕ್ಕಿಂತ ದಿನಕ್ಕೆ ಹತ್ತು ಲೆಕ್ಕ ಮೇಲು. ಕೇರಿಯಲ್ಲಿ ಆರೆಂಟು ಮಕ್ಕಳನ್ನು ಒಂದೆಡೆ ಸೇರಿಸಿ. ಸಂಜೆ ಒಂದು ಗಂಟೆ ಸಾಕು. ಹೈಸ್ಕೂಲು ಓದುತ್ತಿರುವ ಅಣ್ಣನೋ ಅಕ್ಕನೋ ಮುಂದೆ ಕೂರಲಿ. ಮಗ್ಗಿ ಇಪ್ಪತ್ತರವರೆಗೆ ಬಾಯಿಗೆ ಬರಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಎರಡರಲ್ಲೊಂದು 0.5, ನಾಲ್ಕರಲ್ಲೊಂದು 0.25, ಎಂಟರಲ್ಲೊಂದು 0.125 ಎಂಬುವೂ ಹಾಗೆಯೇ ಬರಬೇಕು.

ಲೆಕ್ಕವನ್ನು ಓದಿದ ಮೇಲೆ ಪೆನ್ಸಿಲು ಮುಟ್ಟುವ ಮೊದಲು ಮಗು ಅದನ್ನು ತನ್ನ ಮಾತಿನಲ್ಲಿ ಹೇಳಲಿ: ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಯಾವುದರಲ್ಲಿ ಎಷ್ಟು. ಆಮೇಲೆ ಅಂದಾಜು ಕಟ್ಟಲಿ. 19.8ನ್ನು 5.1ರಿಂದ ಗುಣಿಸಿ ಎಂದರೆ, ಇಪ್ಪತ್ತೈದಲೆ ನೂರು, ಉತ್ತರ ನೂರರ ಹತ್ತಿರ ಇರಬೇಕು. ಪಟ್ಟಿಯಲ್ಲಿ 1.0098, 10.098, 100.98, 1009.8 ಎಂದಿದ್ದರೆ ಬೆರಳು ತಾನಾಗಿ 100.98ರ ಮೇಲೆ ಹೋಗುತ್ತದೆ. ಬರೆದು ಗುಣಿಸುವ ಕೆಲಸವೇ ಇಲ್ಲ. ಒಂದೂವರೆ ನಿಮಿಷದಲ್ಲಿ ಒಂದು ನಿಮಿಷ ಮಿಕ್ಕಿತು. ಅದು ಕಷ್ಟದ ಲೆಕ್ಕಕ್ಕೆ ಒದಗುತ್ತದೆ.

ತಪ್ಪಾದ ಲೆಕ್ಕಗಳಿಗೆ ಬೇರೆ ಒಂದು ಪುಸ್ತಕ ಇಡಿ. ಲೆಕ್ಕವನ್ನೂ, ಎಲ್ಲಿ ತಪ್ಪಿತೆಂಬುದನ್ನೂ ಮಗು ತನ್ನ ಕೈಯಿಂದಲೇ ಬರೆಯಲಿ. ವಾರ ಕಳೆದ ಮೇಲೆ ನೋಡದೆ ಮತ್ತೆ ಮಾಡಲಿ. ಸರಿಬಂದ ನೂರು ಲೆಕ್ಕ ಕಲಿಸದ್ದನ್ನು ಈ ಪುಸ್ತಕದ ಇಪ್ಪತ್ತು ಲೆಕ್ಕ ಕಲಿಸುತ್ತವೆ. ತಪ್ಪಿಗೆ ಹೊಡೆಯಬೇಡಿ. ಹೊಡೆತ ತಿಂದ ಮಗು ತಪ್ಪನ್ನು ತಿದ್ದುವುದನ್ನು ಬಿಟ್ಟು ಮುಚ್ಚಿಡುವುದನ್ನು ಕಲಿಯುತ್ತದೆ.

ಕೊನೆಯ ಒಂದೂವರೆ ತಿಂಗಳು ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿ: 20 ಲೆಕ್ಕ, 30 ನಿಮಿಷ. ಮೊದಲ ಸುತ್ತಿನಲ್ಲಿ ಸುಲಭವಾದುವು, ಎರಡನೆಯ ಸುತ್ತಿನಲ್ಲಿ ಉಳಿದುವು. ಉತ್ತರದ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ದುಂಡನೆಯ ಗುರುತು ತುಂಬಬೇಕು. ತುಂಬಿದ್ದನ್ನು ತಿದ್ದುವಂತಿಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದಕ್ಕೆ ಹೋದಾಗ ಹಾಳೆಯಲ್ಲಿಯೂ ಅದೇ ಸಂಖ್ಯೆಯನ್ನು ಬಿಡಬೇಕು. ಇಲ್ಲವಾದರೆ ಸರಿಯುತ್ತರವೆಲ್ಲ ಒಂದೊಂದು ಮನೆ ಜಾರಿ ತಪ್ಪಾಗುತ್ತವೆ. ಇದನ್ನು ಮನೆಯಲ್ಲಿಯೇ ರೂಢಿಮಾಡಿಸಿ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಇಲ್ಲಿ ತರಬೇತಿಯ ಮಾತು ಬರುತ್ತದೆ. ಹಣ ಪಡೆದು ಈ ಪರೀಕ್ಷೆಗೆ ತಯಾರು ಮಾಡುವವರು ಈಗ ಊರೂರಲ್ಲಿದ್ದಾರೆ. ಅವರೆಲ್ಲ ಮೋಸಗಾರರೆಂದು ನಾವು ಹೇಳುವುದಿಲ್ಲ. ಶ್ರದ್ಧೆಯಿಂದ ಕಲಿಸುವವರೂ ಇದ್ದಾರೆ. ಆದರೆ "ನಮ್ಮಲ್ಲಿ 12 ಮಕ್ಕಳು ಆಯ್ಕೆ" ಎಂಬ ಬೋರ್ಡು ಕಂಡಾಗ, ಮಗುವಿಗೆ ಕಲಿಸಿದ ಪ್ರಶ್ನೆಯನ್ನು ನೀವೂ ಕೇಳಿ: ಎಷ್ಟರಲ್ಲಿ ಹನ್ನೆರಡು? 15ರಲ್ಲಿ 12 ಆದರೆ ಮೆಚ್ಚಬೇಕು. 300ರಲ್ಲಿ 12 ಆದರೆ ನೂರಕ್ಕೆ ನಾಲ್ಕು. ಶುಲ್ಕ ಹತ್ತು ಸಾವಿರವೆಂದು ಇಟ್ಟುಕೊಳ್ಳಿ. ಅದನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ತಂದರೆ ಹತ್ತು ತಿಂಗಳಿಗೆ ಬಡ್ಡಿಯೇ ಮೂರು ಸಾವಿರ. ಅರ್ಜಿಗೆ ಒಂದು ಪೈಸೆ ಕೇಳದ ಪರೀಕ್ಷೆಗೆ ಹದಿಮೂರು ಸಾವಿರ! ಬಡವರ ಮಕ್ಕಳಿಗಾಗಿ ಮಾಡಿದ ಬಾಗಿಲಿನ ಮುಂದೆ ಹೀಗೆ ಇನ್ನೊಂದು ಟಿಕೆಟ್ಟಿನ ಬಾಗಿಲು ಎದ್ದಿತು. ಅದನ್ನು ಬೀಳಿಸಬಲ್ಲದ್ದು ಕೇರಿಯ ಸಂಜೆಯ ಒಂದು ಗಂಟೆಯೇ.

ಜಾಗಗಳ ಲೆಕ್ಕವನ್ನೂ ಇದೇ ರೀತಿ ನೋಡಬೇಕು. ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ನೂರಕ್ಕೆ 75ಕ್ಕೆ ಕಡಿಮೆಯಿಲ್ಲದಂತೆ, ಎಂದರೆ 60, ಹಳ್ಳಿಯ ಮಕ್ಕಳಿಗೆ. ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ತಿ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಮಾತ್ರ ಆ ಹಕ್ಕು. ಪಟ್ಟಣದೊಳಗೆ ಮನೆಮಾಡಿಕೊಂಡಿರುವ ಗಿರಣಿ ಕೆಲಸಗಾರರ ಮಕ್ಕಳು ಉಳಿದ ಇಪ್ಪತ್ತರಲ್ಲಿಯೇ ಸ್ಪರ್ಧಿಸಬೇಕು, ಅಲ್ಲಿಯೂ ಹಳ್ಳಿಯವರು ಬರಬಹುದು. ಒಟ್ಟಿನ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ. ಪರಿಶಿಷ್ಟರಿಗೆ ಜಿಲ್ಲೆಯ ಜನಸಂಖ್ಯೆಯಂತೆ ಮೀಸಲು. "ಹೆಣ್ಣುಮಗು, ಅಷ್ಟು ದೂರ ಯಾಕೆ" ಎಂದು ಅರ್ಜಿಯನ್ನೇ ಹಾಕದವರು ಈ ಪಾಲನ್ನು ಕೈಯಾರೆ ಬಿಟ್ಟುಕೊಟ್ಟಂತೆ. ನವೋದಯವೊಂದೇ ಅಲ್ಲ, ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳಿಗೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯುಂಟು. ಇದೇ ಅಭ್ಯಾಸ ಅಲ್ಲಿಗೂ ಒದಗುತ್ತದೆ.

ಆದರೆ ಮಿತ್ರರೆ, 80 ಎಂಬುದು ಎಷ್ಟರಲ್ಲಿ? ಜಿಲ್ಲೆಯಲ್ಲಿ ಎರಡು ಸಾವಿರ ಮಕ್ಕಳು ಬರೆದರೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 80 ಮಂದಿ ಒಳಗೆ ಹೋಗುತ್ತಾರೆ, 1,920 ಮಂದಿ ಮನೆಗೆ ಬರುತ್ತಾರೆ. ಇವರೆಲ್ಲ ಪೆದ್ದರೆ? ಜಾಗ 80 ಇದ್ದಾಗ ಎರಡು ಸಾವಿರ ಮಂದಿಯೂ ಬುದ್ಧಿವಂತರಾಗಿದ್ದರೂ 1,920 ಮಂದಿ ಹೊರಗುಳಿಯಲೇಬೇಕು. ಅದು ಮಗುವಿನ ಲೆಕ್ಕ ತಪ್ಪಿದ್ದರಿಂದ ಆದದ್ದಲ್ಲ, ಜಾಗಗಳನ್ನು ಹಾಗೆ ಎಣಿಸಿ ಇಟ್ಟದ್ದರಿಂದ ಆದದ್ದು. ಆದುದರಿಂದ ಪಟ್ಟಿಯಲ್ಲಿ ಹೆಸರಿಲ್ಲದ ಮಗುವನ್ನು ಹಂಗಿಸಬೇಡಿ. ಮರುದಿನವೂ ಸಂಜೆಯ ಗುಂಪಿಗೆ ಕರೆದುಕೊಂಡು ಬನ್ನಿ. ಭಿನ್ನರಾಶಿ ಬಂದ ಮಗುವಿಗೆ ಅದು ಬಂತು. ಯಾವ ಪಟ್ಟಿಯೂ ಅದನ್ನು ಕಿತ್ತುಕೊಳ್ಳಲಾರದು.

1964ರಿಂದ 1966ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗ, ಬಡವ ಬಲ್ಲಿದರ ಮಕ್ಕಳು ನೆರೆಹೊರೆಯ ಒಂದೇ ಶಾಲೆಯಲ್ಲಿ ಕೂತು ಓದುವಂತಾಗಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 13ನೆಯ ಕಲಮು, ಶಾಲೆಗೆ ಸೇರಿಸುವಾಗ ಮಗುವನ್ನು ಸೋಸಿ ನೋಡಬಾರದೆನ್ನುತ್ತದೆ. ಹಾಗಿದ್ದೂ ಸೋಸುವ ಪರೀಕ್ಷೆಗಳು ನಡೆದೇ ಇವೆ. ಏಕೆಂದರೆ ಹತ್ತಿರದ ಶಾಲೆಯಲ್ಲಿ ಸಿಗದ್ದು ದೂರದ ಒಂದು ಶಾಲೆಯಲ್ಲಿ ಸಿಗುತ್ತದೆಂದು ಜನ ಬಲ್ಲರು. 2011ರ ಜನಗಣತಿಯಲ್ಲಿ ಏಳು ವರ್ಷ ತುಂಬಿದ ನೂರು ಮಂದಿಯಲ್ಲಿ ಅಕ್ಷರ ಬಲ್ಲವರು ಕರ್ನಾಟಕದಲ್ಲಿ 75, ನಮ್ಮ ಜಿಲ್ಲೆಯಲ್ಲಿ 61. ಈ ಹದಿನಾಲ್ಕರ ಅಂತರವನ್ನು ವರ್ಷಕ್ಕೆ 80 ಮಕ್ಕಳ ಒಂದು ವಿದ್ಯಾಲಯ ತುಂಬಲಾರದು. ಊರ ಶಾಲೆಗಳು ಮಾತ್ರ ತುಂಬಬಲ್ಲವು.

ಅದಕ್ಕಾಗಿ ನಾವು ಕೇಳುವುದು ಎರಡೇ ಕೆಲಸ. ಮೊದಲನೆಯದು, ಅರ್ಹತೆಯಿರುವ ಪ್ರತಿಯೊಂದು ಮಗುವಿನ ಅರ್ಜಿಯನ್ನೂ ಹಾಕಿಸಿ, ಕೇರಿಗೊಂದು ಸಂಜೆಯ ಲೆಕ್ಕದ ಗುಂಪನ್ನು ಈ ವಾರವೇ ಕೂಡಿಸಿ. ಎರಡನೆಯದು, ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕೂರುವವರು ನೀವೇ, ತಂದೆತಾಯಿಗಳು. ಮುಂದಿನ ಸಭೆಯಲ್ಲಿ ಸುಣ್ಣಬಣ್ಣದ ಮಾತು ಮುಗಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: "ನಮ್ಮ ಐದನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ಭಾಗಾಕಾರ ಬರುತ್ತದೆ?" ಮೇಷ್ಟರನ್ನು ಬೈಯುವುದಕ್ಕಾಗಿ ಕೇಳಬೇಡಿ. ಒಬ್ಬರೇ ಮೂರು ತರಗತಿ ನೋಡಿಕೊಳ್ಳುತ್ತಿದ್ದರೆ, ಇನ್ನೊಬ್ಬರನ್ನು ಕೊಡಿರೆಂದು ಮೇಲಿನವರನ್ನು ಒತ್ತಾಯಿಸುವುದಕ್ಕಾಗಿ ಕೇಳಿ. ಉತ್ತರವನ್ನು ಪುಸ್ತಕದಲ್ಲಿ ಬರೆಸಿ. ಆರು ತಿಂಗಳಾದ ಮೇಲೆ ಮತ್ತೆ ಕೇಳಿ.

ಆ ಸಂಖ್ಯೆ ಏರುವವರೆಗೆ ಕೇಳುತ್ತಲೇ ಇರಿ.